ಶನಿವಾರ ಸಂಜೆ ನೆನೆಸಿಟ್ಟ ಕಾಳು

ತಪ್ಪು ನನ್ನದೇ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಕ್ರೈಸ್ತ ಸಭೆಗಳ ಪ್ರತಿನಿಧಿಗಳು ಆ ಭಾನುವಾರ ಒಂದು ತಾಸು ಕೈಕಟ್ಟಿ ಕುಳಿತದ್ದು ನನ್ನ ದೆಸೆಯಿಂದ. ಆಮೇಲೆ ಎಲ್ಲರೂ ಅದನ್ನು ದೇವರ ಚಿತ್ತ ಎಂದರು. ಒಳ್ಳೆಯದಾದರೆ ದೇವರ ತಲೆಗೆ, ಕೆಟ್ಟದ್ದಾದರೆ ನೆರೆಯವರ ತಲೆಗೆ ಕಟ್ಟುವುದು ನಮ್ಮ ಜನಕ್ಕೆ ಹಿಂದಿನಿಂದ ಬಂದ ರೂಢಿ. ಕಾಳು ನೆನೆಸಿಟ್ಟವಳು ನಾನು. ಅದನ್ನು ನಾನೇ ಹೇಳಿಬಿಡುತ್ತೇನೆ.

ನಮ್ಮ ದೇವಾಲಯ ಇರುವುದು ಗೋಕಾಕ ಫಾಲ್ಸಿನಲ್ಲಿ, ಗಿರಣಿಯ ಚಾಳುಗಳ ಹಿಂದೆ. ನನ್ನ ಅಜ್ಜ ಗಿರಣಿಯಲ್ಲಿ ನೂಲು ಸುತ್ತಿದ, ಅಪ್ಪನೂ ಅದನ್ನೇ ಸುತ್ತಿದ. ನಾನು ಮಾತ್ರ ಅಲ್ಲಿಯ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಕಲಿಸಿ ನಿವೃತ್ತಳಾದೆ. ಅದಕ್ಕೇ ಊರಿಗೆಲ್ಲ ನಾನು ಅಕ್ಕೋರು. ನಮ್ಮ ಪಂಗಡದಲ್ಲಿ ಬಿಷಪ್ಪರಿಲ್ಲ. ಪ್ರತಿ ಸಭೆಗೂ ಹಿರಿಯರಿರುತ್ತಾರೆ. ಹಿರಿಯರು ಕೂತು ಮಾತಾಡಿ, ಜಗಳಾಡಿ, ಕೊನೆಗೆ ಮತ ಹಾಕಿ ನಡೆಸುವ ಸಂಸಾರ ನಮ್ಮದು. ಫಾಲ್ಸಿನ ಸಭೆಗೆ ಹಿರಿಯಳಾಗಿ ನಾನಿದ್ದೇನೆ. ಹೆಂಗಸರು ಹಿರಿಯರಾಗಬಹುದೇ ಎಂಬುದಕ್ಕೂ ಒಂದು ಕಾಲಕ್ಕೆ ಮತ ಬಿದ್ದಿತ್ತು.

ಮತ ಎಂದರೆ ನಮ್ಮಲ್ಲಿ ಚೀಟಿಯಲ್ಲ, ಕಾಳು. ಅಜ್ಜಂದಿರ ಕಾಲದಲ್ಲಿ ಓದುಬರಹ ಬಲ್ಲವರು ಬೆರಳೆಣಿಕೆಯಷ್ಟು. ಹಾಗಾಗಿ ಒಬ್ಬೊಬ್ಬರ ಕೈಗೆ ಒಂದು ಹೆಸರುಕಾಳು, ಒಂದು ಕಡಲೆಕಾಳು ಕೊಡುತ್ತಿದ್ದರು. ಒಪ್ಪಿಗೆಯಿದ್ದರೆ ಹೆಸರುಕಾಳು, ಬೇಡವೆಂದರೆ ಕಡಲೆ. ಪರದೆಯ ಹಿಂದೆ ಎರಡು ಗಡಿಗೆ ಇಟ್ಟಿರುತ್ತಾರೆ. ಮನಸ್ಸಿಗೆ ಬಂದ ಕಾಳನ್ನು ಸುಣ್ಣ ಬಳಿದ ಗಡಿಗೆಗೆ ಹಾಕಬೇಕು, ಉಳಿದದ್ದನ್ನು ಇನ್ನೊಂದಕ್ಕೆ. ಸುಣ್ಣದ ಗಡಿಗೆಯದ್ದನ್ನಷ್ಟೇ ಎಣಿಸುತ್ತಾರೆ. ಇದೆಲ್ಲ ಶನಿವಾರ ಸಂಜೆ ನಡೆಯುತ್ತದೆ. ಎಣಿಕೆ ಮುಗಿದ ಮೇಲೆ ಎರಡೂ ಗಡಿಗೆಯ ಕಾಳನ್ನು ಒಂದೇ ಪಾತ್ರೆಗೆ ಸುರಿದು, ಜತೆಗೆ ಇನ್ನಷ್ಟು ಕಾಳು ಕೂಡಿಸಿ ನೆನೆಸಿಡುತ್ತೇವೆ. ಭಾನುವಾರ ಆರಾಧನೆಯಾದ ಮೇಲೆ ಅದರದೇ ಉಸುಳಿ. ಗೆದ್ದವರೂ ಸೋತವರೂ ಅದನ್ನು ತಿಂದೇ ತಮ್ಮ ಊರಿನ ದಾರಿ ಹಿಡಿಯಬೇಕು. ಯಾರ ವಿಷಯಕ್ಕೆ ಮತ ಬಿತ್ತೋ ಅವರೇ ಬಡಿಸಬೇಕು. ತಟ್ಟೆ ಹಿಡಿಯದೆ ಹೋದವರು ಸಭೆ ಬಿಟ್ಟ ಹಾಗೆ. ನಾನು ಹಿರಿಯಳಾದ ಸಲ ನಾನೇ ಬಡಿಸಿದ್ದೆ. ಕಡಲೆ ಹಾಕಿದವರು ಯಾರೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಅವರ ತಟ್ಟೆಗೆ ಹಸಿಮೆಣಸಿನಕಾಯಿ ಆರಿಸಿ ಆರಿಸಿ ಹಾಕಿದ್ದೆ.

ಈ ಸಲ ಮತಕ್ಕೆ ಬಂದದ್ದು ಮೂಡಲಗಿಯ ಉಪದೇಶಕನ ದೀಕ್ಷೆ, ಎಂದರೆ ಅವನನ್ನು ಪಾದ್ರಿಯಾಗಿಸುವ ವಿಷಯ. ಉಪದೇಶಕನೆಂದರೆ ಪೂರ್ಣ ಪಾದ್ರಿಯಲ್ಲ. ಪ್ರಸಂಗ ಮಾಡಬಹುದು, ರೋಗಿಗಳ ಮನೆಗೆ ಹೋಗಬಹುದು, ಸತ್ತವರನ್ನು ಮಣ್ಣು ಮಾಡಬಹುದು. ಆದರೆ ಕರ್ತನ ಭೋಜನದ ರೊಟ್ಟಿ ಮುರಿಯುವಂತಿಲ್ಲ, ಕೂಸಿನ ತಲೆಗೆ ದೀಕ್ಷಾಸ್ನಾನದ ನೀರು ಹಾಕುವಂತಿಲ್ಲ. ಅವೆರಡಕ್ಕೂ ದೀಕ್ಷೆ ಪಡೆದ ಪಾದ್ರಿಯೇ ಬೇಕು. ಮೂರು ತಾಲೂಕಿಗೆ ಇದ್ದ ಒಬ್ಬರೇ ಪಾದ್ರಿಗಳು ನಿವೃತ್ತರಾಗಿ ಹೋಗಿದ್ದರು. ಬೆಳಗಾವಿಯಿಂದ ಯಾರಾದರೂ ಮೂರು ತಿಂಗಳಿಗೊಮ್ಮೆ ಬಂದರೆ ಬಂದರು.

ಉಪದೇಶಕ ಮೂಡಲಗಿಯಲ್ಲಿ ಒಂಬತ್ತು ವರ್ಷ ಸೇವೆ ಮಾಡಿದವನು. ಕೊರೋನಾ ಬಂದಾಗ ಹೆತ್ತ ಮಕ್ಕಳೇ ಮುಟ್ಟಲು ಹೆದರಿದ ಹೆಣಗಳಿಗೆ ಹೆಗಲು ಕೊಟ್ಟವನು. ದೀಕ್ಷೆಗೆ ಮುಂಚಿನ ಸಂದರ್ಶನದಲ್ಲಿ ನಾವು ಹಿರಿಯರೆಲ್ಲ ಸಾಲಾಗಿ ಕುಳಿತಿದ್ದೆವು. ಒಬ್ಬರು ನಗುತ್ತಾ, "ಮದಿವಿ ಯಾವಾಗಪಾ?" ಎಂದು ಕೇಳಿದರು. ಅವನು ಎದ್ದು ನಿಂತು ಹೇಳಿದ.

"ನಾ ಹೆಣ್ಣಿನ್ನ ಮದಿವಿ ಆಗಾಂವಲ್ರಿ. ನನ್ನ ಮನಸ್ಸು ಗಂಡಸರ ಕಡೆ ಹೋಗತೈತಿ. ಸಣ್ಣಾಂವ ಇದ್ದಾಗಿಂದ ಹಂಗ ಐತಿ. ಸುಳ್ಳ ಹೇಳಿ ದೀಕ್ಷಾ ತಗೊಳ್ಳಾಕ ನನಗ ಮನಸ್ಸಿಲ್ಲ."

ಕೇಳಿದವರಿಗೆ ಚಹಾ ಗಂಟಲಲ್ಲೇ ನಿಂತಿತು. ವಿಷಯವನ್ನು ಮೇಲಿನ ಮಹಾಸಭೆಗೆ ಬರೆದು ಕೇಳಿದ್ದಾಯಿತು. ಅಂಥವರಿಗೆ ದೀಕ್ಷೆ ಕೊಡುವುದೋ ಬಿಡುವುದೋ ಆಯಾ ಪ್ರಾಂತದವರೇ ಮತ ಹಾಕಿ ತೀರ್ಮಾನಿಸಿಕೊಳ್ಳಲಿ ಎಂದು ಅಲ್ಲಿಂದ ಉತ್ತರ ಬಂತು. ದೊಡ್ಡವರು ಕೈ ತೊಳೆದುಕೊಂಡರು.

ಎಲ್ಲರೂ ಬೆಚ್ಚಿಬಿದ್ದ ಆ ದಿನ ನಾನು ಬೀಳಲಿಲ್ಲ. ನನಗೆ ಏಳು ವರ್ಷದ ಹಿಂದೆಯೇ ಗೊತ್ತಿತ್ತು.

ಆಗ ನನ್ನ ಮಗಳಿಗೆ ಗಂಡು ಹುಡುಕುತ್ತಿದ್ದೆ. ನನ್ನ ಕಣ್ಣು ಈ ಉಪದೇಶಕನ ಮೇಲೆ ಬಿತ್ತು. ಕುಡಿತವಿಲ್ಲ, ಒಳ್ಳೆಯ ಕಂಠ, ದೊಡ್ಡವರ ಎದುರು ತಗ್ಗಿದ ದನಿ. ಅವನನ್ನು ಕೇಳುವ ಗೋಜಿಗೆ ಹೋಗದೆ ಅವನ ಅಣ್ಣನ ಕೂಡ ಮಾತಾಡಿ ನಿಶ್ಚಯದ ದಿನ ಗೊತ್ತು ಮಾಡಿದೆ. ಗೋಕಾಕದಲ್ಲಿ ಐದು ಕಿಲೋ ಕರದಂಟು ಹೇಳಿಟ್ಟೆ. ಎರಡು ದಿನ ಮುಂಚೆ, ಮಧ್ಯಾಹ್ನದ ಹೊತ್ತು, ಅವನು ಬಸ್ಸಿಳಿದು ನಮ್ಮ ಮನೆಗೆ ಬಂದ. ನೀರು ಸಹ ಕುಡಿಯಲಿಲ್ಲ. ನಡುಮನೆಯಲ್ಲಿ ನಿಂತುಕೊಂಡೇ ತನ್ನ ವಿಷಯವನ್ನೆಲ್ಲ ಹೇಳಿದ. "ಅಕ್ಕೋರ, ನಿಮ್ಮ ಮಗಳ ಬಾಳೇ ಹಾಳ ಮಾಡಾಕ ನನಗ ಆಗೂದಿಲ್ಲ" ಎಂದ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಂದು ಬಾಯಿಗೆ ಬಂದದ್ದೆಲ್ಲ ಆಡಿದೆ. ಅವನ ತಾಯಿಯನ್ನೂ ಬಿಡಲಿಲ್ಲ. ಅವನು ತಲೆ ತಗ್ಗಿಸಿ ನಿಂತೇ ಇದ್ದ. ಕೊನೆಗೆ ಅವನಿಂದ ಆಣೆ ಮಾಡಿಸಿಕೊಂಡೆ, ಈ ಮಾತು ನಮ್ಮ ಮನೆಯ ಹೊಸ್ತಿಲು ದಾಟಬಾರದು ಎಂದು. ನಿಶ್ಚಯ ಮುರಿದ ಹುಡುಗಿ ಎಂದರೆ ಮುಂದೆ ಯಾರು ಕೇಳುತ್ತಾರೆ? ಕಾರಣ ತಿಳಿದರಂತೂ ಅವಳ ಬೆನ್ನ ಹಿಂದೆ ನಗುತ್ತಾರೆ. ಮಗಳಿಗೂ ಬಾಯಿ ಬಿಡಬೇಡವೆಂದು ತಾಕೀತು ಮಾಡಿದೆ. ಬಂದ ಕರದಂಟನ್ನು ನಾವಿಬ್ಬರೇ ತಿಂಗಳುಗಟ್ಟಲೆ ತಿಂದೆವು. ಇವತ್ತಿಗೂ ಕರದಂಟು ಕಂಡರೆ ನನಗೆ ಅಂದು ಆಡಿದ ಮಾತು ನೆನಪಾಗಿ ನಾಚಿಕೆಯಾಗುತ್ತದೆ.

ಎರಡು ವರ್ಷದ ಮೇಲೆ ಮಗಳನ್ನು ಕಣಗಲಾಕ್ಕೆ ಕೊಟ್ಟೆ. ಅಳಿಯ ಬಂಗಾರದಂಥವನು. ಬೀಗರು ಹೈವೇ ಬಾಜೂ ಟಾಯರ್ ಅಂಗಡಿ ಇಟ್ಟವರು, ಹುಕ್ಕೇರಿ ಕಡೆಯ ಸಭೆಗಳಿಗೆಲ್ಲ ಹಿರಿಯರು. ಮಾತು ಕಲ್ಲಿನಂತೆ, ಮನುಷ್ಯ ಮಾತ್ರ ನೇರ. ಉಪದೇಶಕನಿಗೆ ದೀಕ್ಷೆ ಬೇಡ ಎಂದು ಎಲ್ಲರಿಗಿಂತ ಗಟ್ಟಿಯಾಗಿ ನಿಂತವರು ಅವರೇ. ಮಗಳಿಗೆ ಮದುವೆಯಾಗಿ ತಡವಾಗಿ ಒಂದು ಹೆಣ್ಣು ಕೂಸು ಆಗಿತ್ತು. ಬೆಳಗಾವಿಯ ಪಾದ್ರಿಗಳು ಬಂದ ದಿನ ಕೂಸಿಗೆ ಜ್ವರ ಬಂದು ದೀಕ್ಷಾಸ್ನಾನ ತಪ್ಪಿತ್ತು. ಅಂದಿನಿಂದ ಮಗಳದು ಒಂದೇ ಹಟ: "ನನ್ನ ಕೂಸಿಗೆ ನೀರ ಹಾಕಿದ್ರ ಮೂಡಲಗಿ ಉಪದೇಶಕರ ಹಾಕಬೇಕು. ದೀಕ್ಷಾ ಆಗೂಮಟಾ ಕಾಯ್ತೇನಿ." ಮಾವನೆದುರು ಹೀಗೆ ಹೇಳುವ ಧೈರ್ಯ ಅವಳಿಗೆ ನನ್ನಿಂದಲೇ ಬಂದಿರಬೇಕು. ಕೇಳಿದಾಗಲೆಲ್ಲ ನಾನು ಮಾತು ಬದಲಿಸುತ್ತಿದ್ದೆ. ಹಳೆಯದೆಲ್ಲ ಬೀಗರಿಗೆ ತಿಳಿದುಬಿಟ್ಟರೆ?

ಮತದ ದಿನ ಬಂತು. ಅಧ್ಯಕ್ಷತೆಗೆ ಬೆಳಗಾವಿಯಿಂದ ಬರುವ ಹಿರಿಯರಿಗೆ ಶನಿವಾರ ಪುರುಸೊತ್ತಿರಲಿಲ್ಲ. ಆದ್ದರಿಂದ ಈ ಸಲ ಭಾನುವಾರ ಬೆಳಿಗ್ಗೆಯೇ ಚರ್ಚೆ, ಮತ, ಎಣಿಕೆ ಎಲ್ಲ ಎಂದು ಗೊತ್ತಾಯಿತು. ಕಾಳಿನ ಜವಾಬ್ದಾರಿ ಎಂದಿನಂತೆ ನನ್ನದು.

ಬೆಳಿಗ್ಗೆ ಚರ್ಚೆ ಶುರುವಾಯಿತು. ಉಪದೇಶಕನನ್ನು ಹೊರಗೆ ಕಳಿಸಿದ್ದರು. ಅವನು ಹಿಂದಿನ ಅಂಗಳದಲ್ಲಿ ಹೆಂಗಸರ ಜತೆ ಉಸುಳಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಒಳಗೆ ಒಬ್ಬರು ಶಾಸ್ತ್ರ ಎತ್ತಿದರು, ಇನ್ನೊಬ್ಬರು ಕೃಪೆ ಎತ್ತಿದರು. ಕೋರ್ಟು ಇದು ಅಪರಾಧ ಅಲ್ಲವೆಂದಿದೆ ಎಂದು ಒಬ್ಬ ನೆನಪಿಸಿದ. ಹಾಗಾದರೆ ಕೋರ್ಟಿನವರೇ ದೀಕ್ಷೆ ಕೊಡಲಿ ಎಂದು ಇನ್ನೊಬ್ಬ ಕುಟುಕಿದ. ಇಷ್ಟಾದರೂ ಗಾಳಿ ಉಪದೇಶಕನ ಕಡೆಗೇ ಇತ್ತು. ಆಗ ಹುಕ್ಕೇರಿಯವರೊಬ್ಬರು ಎದ್ದರು.

"ಶಾಸ್ತ್ರದ ಮಾತು ಬಾಜೂಕ ಇಡ್ರಿ. ಅಂವ ಒಂಬತ್ತ ವರ್ಷ ನಮ್ಮ ಕಣ್ಣಿಗೆ ಮಣ್ಣ ಎರಚ್ಯಾನ. ಒಬ್ಬರ ಮುಂದರ ಹೇಳ್ಯಾನೇನು? ದೀಕ್ಷಾ ಬಾಗಲಿಗೆ ಬಂದ ಮ್ಯಾಲ ಬಾಯಿ ಬಿಟ್ಟಾನ. ಇಂಥಾ ಮುಚ್ಚಿಡೂ ಮನಿಶ್ಯಾಗ ನಮ್ಮ ಮಕ್ಕಳ ತಲಿ ಕೊಡೂದೇನು?"

ಹೌದು ಹೌದು ಎಂಬಂತೆ ತಲೆಗಳು ಅಲ್ಲಾಡಿದವು. ಉಪದೇಶಕನನ್ನು ಒಳಗೆ ಕರೆದು ಅಧ್ಯಕ್ಷರು ಕೇಳಿದರು, "ಮೊದಲ ಯಾರಿಗರ ಹೇಳಿದ್ದೇನಪಾ?"

ಅವನು ಉಳ್ಳಾಗಡ್ಡಿಯಿಂದ ಕೆಂಪಾದ ಕಣ್ಣನ್ನು ತೋಳಿನಿಂದ ಒರೆಸಿಕೊಂಡ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. "ಅದನ್ನ ಹೇಳಾಕ ಆಗೂದಿಲ್ರಿ" ಎಂದಷ್ಟೇ ಹೇಳಿ ಹೊರಗೆ ಹೋದ.

ಏಳು ವರ್ಷದ ಹಿಂದಿನ ಆಣೆಯನ್ನು ಅವನು ಅಲ್ಲಿ, ಅಷ್ಟು ಜನರೆದುರು, ತನ್ನ ದೀಕ್ಷೆಯನ್ನೇ ಪಣಕ್ಕಿಟ್ಟು ಉಳಿಸಿಕೊಂಡ. ನಾನು ಏನು ಮಾಡಿದೆ? ಸೆರಗು ಸರಿಮಾಡಿಕೊಂಡು ಸುಮ್ಮನೆ ಕುಳಿತೆ. ಮೂವತ್ತು ವರ್ಷ ಮಕ್ಕಳಿಗೆ ಖರೆ ಮಾತಾಡಿರಿ ಎಂದು ಕೈಗೆ ಛಡಿಯೇಟು ಕೊಟ್ಟವಳು ನಾನು. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು. ಆದರೂ ಬಾಯಿ ಬರಲಿಲ್ಲ. ಬೀಗರು ಎರಡು ಬೆಂಚು ಮುಂದೆ ಕುಳಿತಿದ್ದರು.

ಅಧ್ಯಕ್ಷರು ಮತಕ್ಕೆ ಕಾಳು ತರಲು ಹೇಳಿದರು. ನಾನು ಕೋಣೆಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆದೆ. ತೆಗೆದವಳು ಅಲ್ಲೇ ನಿಂತೆ. ಕಾಳೆಲ್ಲ ನೀರಿನಲ್ಲಿ ಉಬ್ಬಿ ಕೂತಿತ್ತು. ಕಡಲೆ ದುಪ್ಪಟ್ಟಾಗಿತ್ತು, ಹೆಸರುಕಾಳಿಗೆ ಆಗಲೇ ಮೊಳಕೆಯ ಬಾಲ. ಇಷ್ಟು ವರ್ಷ ಶನಿವಾರ ಸಂಜೆ ನೆನೆಸಿ ನೆನೆಸಿ ರೂಢಿಯಾದ ಕೈ, ಈ ಸಲ ಮತ ಇನ್ನೂ ಬಿದ್ದಿಲ್ಲ ಎಂಬುದನ್ನು ಮರೆತು ಒಂದೇ ಒಂದು ಒಣಕಾಳನ್ನೂ ಉಳಿಸದೆ ನೆನೆಹಾಕಿಬಿಟ್ಟಿತ್ತು.

ಪಾತ್ರೆ ಹಿಡಿದು ಹೊರಗೆ ಬಂದಾಗ ಸಭೆಯೆಲ್ಲ ನಕ್ಕಿತು. ಹಸಿ ಕಾಳಿನಿಂದಲೇ ನಡೆಸೋಣ ಎಂದರು ಮೂಡಲಗಿಯವರು. ಹಸಿ ಕಾಳು ಬೆರಳಿಗೆ ಅಂಟುತ್ತದೆ, ಮೊಳಕೆ ಮುರಿದು ಕೈಯಲ್ಲೇ ಉಳಿಯುತ್ತದೆ, ಯಾರು ಯಾವುದನ್ನು ಹಾಕಿದರೆಂದು ಊರಿಗೆಲ್ಲ ತಿಳಿಯುತ್ತದೆ ಎಂದರು ಹುಕ್ಕೇರಿಯವರು. ಅದೂ ನಿಜವೇ. ಫಾಲ್ಸಿನ ಕಿರಾಣಿ ಅಂಗಡಿ ಬಾಗಿಲು ಹಾಕಿತ್ತು. ಒಬ್ಬರು ಗಾಡಿ ತೆಗೆದುಕೊಂಡು ಗೋಕಾಕಕ್ಕೆ ಹೋದರು. ಹೋಗಿ ಬರಲು ಒಂದು ತಾಸಾದರೂ ಬೇಕು.

ಬೀಗರು ಅಂಗಳದ ಬೇವಿನ ಮರದಡಿ ಹೋಗಿ ನಿಂತರು. ಆ ಒಂದು ತಾಸು ಸಿಗದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ, ಇದನ್ನು ಸುಳ್ಳು ಹೇಳದೆ ಬರೆಯುತ್ತಿದ್ದೇನೆ. ಮತ ಮುಗಿದುಹೋಗುತ್ತಿತ್ತು, ನಾನು ಮನೆಗೆ ಹೋಗಿ ಪ್ರಾರ್ಥನೆ ಮಾಡಿ ಮಲಗುತ್ತಿದ್ದೆ. ಈಗ ಕಾಯುತ್ತಾ ಕೂರುವುದೆಂದರೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಎದ್ದು ಹೋಗಿ ಬೀಗರ ಮುಂದೆ ನಿಂತೆ.

"ಬೀಗರ, ನಿಮಗೊಂದ ಮಾತ ಹೇಳೂದೈತಿ. ಕೇಳಿದ ಮ್ಯಾಲ ನನ್ನ ಬೈರಿ. ಮಗಳಿಗೆ ಮಾತ್ರ ಏನೂ ಅನ್ನಬ್ಯಾಡ್ರಿ."

ಎಲ್ಲ ಹೇಳಿದೆ. ನಿಶ್ಚಯ, ಕರದಂಟು, ಅವನು ಬಂದು ನಿಂತದ್ದು, ನಾನು ಬೈದದ್ದು, ಆಣೆ. ಬೀಗರು ಟಾಯರಿನ ಗಾಳಿ ನೋಡುವವರ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನನಗ ಗೊತ್ತೈತ್ರಿ" ಎಂದರು.

"ಏನ ಗೊತ್ತೈತಿ?"

"ಎಲ್ಲಾ. ನಾವು ಹೆಣ್ಣ ನೋಡಾಕ ಬಂದ ದಿನಾನ ನಿಮ್ಮ ಮಗಳು ಹೇಳ್ಯಾಳ. ನೀವು ಒಳಗ ಅವಲಕ್ಕಿಗೆ ಒಗ್ಗರಣಿ ಹಾಕಾಕತ್ತಿದ್ರಿ. ಮುಚ್ಚಿಟ್ಟ ನಿಮ್ಮ ಮನಿಗೆ ಬರೂದಿಲ್ರಿ ಅಂದ್ಲು. ಅದ ಮಾತಿಗೆ ನಾ ಆಕೀನ್ನ ಸೊಸಿ ಮಾಡ್ಕೊಂಡೆ."

ನಾನು ಬೇವಿನ ಕಟ್ಟೆಯ ಮೇಲೆ ಕುಕ್ಕರಿಸಿದೆ. ಖಾಲಿ ಡಬ್ಬಿಯನ್ನು ಐದು ವರ್ಷ ಸೆರಗಿನಡಿ ಮುಚ್ಚಿಟ್ಟುಕೊಂಡು ತಿರುಗಿದ್ದೆ ನಾನು. ದೂರದಲ್ಲಿ ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. ಅವಳ ಕೆನ್ನೆಗೊಂದು ಕೊಡಲೋ, ಕಾಲಿಗೆ ಬೀಳಲೋ ತಿಳಿಯಲಿಲ್ಲ. ಸಿಟ್ಟು ತಿರುಗಿ ಬೀಗರ ಮೇಲೆ ಬಂತು.

"ಗೊತ್ತಿದ್ದೂ ಒಳಗ ಸುಮ್ಮನ ಕೂತಿದ್ರಲ್ಲ! ಅಂವಗ ಸುಳ್ಳುಗಾರ ಅಂದಾಗ ನಿಮ್ಮ ಬಾಯಾಗ ಏನಿತ್ತು?"

"ನಿಮ್ಮ ಮನಿ ಮಾತು. ನೀವು ಹೇಳಬೇಕು. ನಾ ಹೆಂಗ ಹೇಳ್ಲಿ?" ಬೀಗರ ದನಿಯೂ ಏರಿತು. "ನಾ ಅವನ ದೀಕ್ಷಾಕ ವಿರುದ್ಧ ಅದೇನಿ. ನಾಳೆನೂ ವಿರುದ್ಧಾನ. ನನ್ನ ಓದಿನ ಪ್ರಕಾರ ಅದು ತಪ್ಪು. ಆದರ ಸುಳ್ಳ ಅಪವಾದ ಹೊರಿಸಿ ಅವನ್ನ ಸೋಲಸೂದು ನನಗ ಬ್ಯಾಡ. ಒಳಗ ನಡೀರಿ. ಎಲ್ಲಾರ ಮುಂದ ಹೇಳ್ರಿ. ನಿಮ್ಮ ಬಾಜೂಕ ನಾ ನಿಂದರತೇನಿ."

ಅವರು ನಿಂತರು ಕೂಡ. ಗೋಕಾಕಕ್ಕೆ ಹೋದವರು ಬರುವಷ್ಟರಲ್ಲಿ ನಾನು ಸಭೆಯ ಮುಂದೆ ನಿಂತಿದ್ದೆ. ಶಾಲೆಯ ದನಿ ಎಲ್ಲಿತ್ತೋ ತಾನಾಗಿ ಬಂತು. "ಅಂವ ಏಳ ವರ್ಷದ ಹಿಂದನ ಹೇಳ್ಯಾನ, ನನಗ ಹೇಳ್ಯಾನ" ಎಂದೆ. "ಅಂವ ಸುಳ್ಳ ಹೇಳಿದ್ರ ಇವತ್ತ ನನ್ನ ಅಳಿಯ ಆಗಿರತಿದ್ದ. ಸಂಸಾರಸ್ಥ ಅಂತ ನೀವೆಲ್ಲಾ ಕೈ ಎತ್ತಿ ದೀಕ್ಷಾ ಕೊಡತಿದ್ರಿ. ನನ್ನ ಮಗಳು ಮೂಲ್ಯಾಗ ಕೂತ ಅಳತಿದ್ಲು. ಬಾಯಿ ಮುಚ್ಚಿಸಿದಾಕಿ ನಾನು. ಮಣ್ಣ ಎರಚಿದಾಕಿ ನಾನು. ಬೈಯೂದಿದ್ರ ನನ್ನ ಬೈರಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಇನ್ನೂ ಹಗುರಾಗುತ್ತಿತ್ತು. ಆಗ ಎದ್ದು ಮಾತಾಡಿದ್ದ ಹುಕ್ಕೇರಿಯವರು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಹಿಂದಿನ ಬಾಗಿಲಲ್ಲಿ ಉಪದೇಶಕ ಚಾಕು ಹಿಡಿದೇ ನಿಂತಿದ್ದ. ನಾನು ಅವನ ಹತ್ತಿರ ಹೋದೆ.

"ನಾ ಅವತ್ತ ನಿಮ್ಮ ಅವ್ವಗ ಅಂದದ್ದು..." ಎಂದು ಶುರುಮಾಡಿದೆ.

"ಬಿಡ್ರಿ ಅಕ್ಕೋರ" ಎಂದ. ಚಾಕುವನ್ನು ಬಾಗಿಲ ಪಕ್ಕಕ್ಕಿಟ್ಟು, "ಕಾಳು ಬೇಕಂತನ ನೆನಿಸಿದ್ರ್ಯಾ?" ಎಂದು ಕೇಳಿದ.

"ಇಲ್ಲಪಾ. ಮರತ ನೆನಿಸಿದ್ದು. ಅಷ್ಟ ಶಾಣ್ಯಾಕಿ ಇದ್ದಿದ್ರ ಇಷ್ಟ ವರ್ಷ ಯಾಕ ಕಾಯ್ತಿದ್ದೆ?"

ಇಬ್ಬರೂ ನಕ್ಕೆವು. ಉಳ್ಳಾಗಡ್ಡಿಯ ನೆಪದಲ್ಲಿ ಇಬ್ಬರೂ ಕಣ್ಣೊರೆಸಿಕೊಂಡೆವು.

ಒಣಕಾಳು ಬಂತು. ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಬಂದರು. ನನ್ನ ಸರದಿ ಬಂದಾಗ ಹೆಸರುಕಾಳನ್ನು ಸುಣ್ಣದ ಗಡಿಗೆಗೆ ಹಾಕಿ ಅದು ಬಿದ್ದ ಸಪ್ಪಳ ಕೇಳಿಸಿಕೊಂಡೆ. ಅಧ್ಯಕ್ಷರು ಬಿಳಿ ಬಟ್ಟೆ ಹಾಸಿ ಗಡಿಗೆ ಬೋರಲು ಹಾಕಿದರು. ಎರಡು ಸಲ ಎಣಿಸಿದರು. ಹೆಸರುಕಾಳು ನಾಲ್ಕು ಹೆಚ್ಚಿದ್ದವು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಮ್ಮಲ್ಲಿ ಅದು ರೂಢಿಯಲ್ಲ. ಮೂಡಲಗಿಯ ಮುದುಕಿಯೊಬ್ಬಳು ಮಾತ್ರ ಹಾಡೊಂದನ್ನು ಸಣ್ಣಗೆ ಎತ್ತಿಕೊಂಡಳು, ಉಳಿದವರು ಒಬ್ಬೊಬ್ಬರಾಗಿ ಸೇರಿದರು. ಸೋತವರಲ್ಲಿ ಕೆಲವರು ಹಾಡಿದರು, ಕೆಲವರು ಹಾಡಲಿಲ್ಲ.

ಉಸುಳಿಗೆ ನನ್ನ ನೆನೆದ ಕಾಳು ಆಗಲೇ ಬೆಂದಿತ್ತು. ಮತದ ಕಾಳನ್ನು ಸೇರಿಸದೆ ಬಿಡುವಂತಿಲ್ಲ. ಒಣಕಾಳನ್ನು ಕುದಿಯುವ ನೀರಿಗೆ ಹಾಕಿ, ಚಿಟಿಕೆ ಸೋಡಾ ಹಾಕಿ, ಎಷ್ಟು ಕುದಿಸಿದರೂ ಕಡಲೆ ಜಪ್ಪಯ್ಯ ಎನ್ನಲಿಲ್ಲ. ಹಾಗೆಯೇ ಕೂಡಿಸಿದೆವು. ಪದ್ಧತಿಯಂತೆ ಉಪದೇಶಕನೇ ಸೌಟು ಹಿಡಿದ. ಜನ ಸಾಲಾಗಿ ನಿಂತರು. ಇಬ್ಬರು ತಟ್ಟೆ ಹಿಡಿಯದೆ ಗಾಡಿ ಹತ್ತಿ ಹೋದರು. ಅವರನ್ನು ನೋಡಿ ಅವನ ಮುಖ ಕಪ್ಪಿಟ್ಟಿತು. ಮುಂದಿನ ವಾರ ಅವರ ಮನೆಗೆ ಹೋಗಿ ಬರೋಣ ಎಂದು ಅವನ ಕಿವಿಯಲ್ಲಿ ಹೇಳಿದೆ. ಹೋಗಿಬಂದೆವು ಕೂಡ, ಒಂದು ಮನೆಯಲ್ಲಿ ಚಹಾ ಕೊಟ್ಟರು.

ಬೀಗರ ಸರದಿ ಬಂತು. ಎಲ್ಲರಿಗೂ ಕೇಳುವಂತೆ ಹೇಳಿದರು, "ನಾ ಕಡ್ಲಿ ಹಾಕೇನಿ. ನಿನಗ ಗೊತ್ತಿರ್ಲಿ."

"ಗೊತ್ತೈತ್ರಿ ಕಾಕಾ" ಎಂದು ಅವನು ಒಂದು ಸೌಟು ಹಾಕಿದ.

ಬೀಗರು ಅಲ್ಲೇ ನಿಂತು ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಕಟಕ್ ಎಂದಿತು. ದವಡೆ ಹಿಡಿದುಕೊಂಡು, "ಈ ಕಾಳು ನಂದ ಇರಬೇಕ" ಎಂದರು. ಸಾಲಿಗೆ ಸಾಲೇ ನಕ್ಕಿತು, ಹುಕ್ಕೇರಿಯವರೂ ನಕ್ಕರು. ಬೀಗರು ನಗಲಿಲ್ಲ. ಕಾಳನ್ನು ಉಗುಳಲೂ ಇಲ್ಲ. ಅರೆದು ಅರೆದು ನುಂಗಿದರು. ಆಮೇಲೆ ಮತ್ತೆ ತಟ್ಟೆ ಚಾಚಿ ಕೇಳಿದರು, "ದೀಕ್ಷಾ ಯಾವಾಗ ಕೊಡತಾರ?"

"ಬರೂ ತಿಂಗಳ ಆಗಬಹುದ್ರಿ."

"ಆಗ ಥಂಡಿ ಇರತೈತಿ" ಎಂದು ಬೀಗರು ನನ್ನ ಮಗಳ ಹೆಗಲ ಮೇಲಿದ್ದ ಕೂಸಿನ ಕಡೆ ನೋಡಿದರು. "ನೀರ ಬೆಚ್ಚಗ ಮಾಡಿಸಿ ಹಾಕು. ನಮ್ಮ ಕೂಸಿಗೆ ಲಗೂನ ನೆಗಡಿ ಆಗತೈತಿ."

ಉಪದೇಶಕನೂ ಕೂಸಿನ ಕಡೆ ನೋಡಿದ. ಸೌಟಿನಿಂದ ಅರ್ಧ ಉಸುಳಿ ನೆಲಕ್ಕೆ ಬಿತ್ತು. ಬೀಗರ ಹಿಂದೆ ನಿಂತಿದ್ದವಳು ನಾನು. ಅವನು ಸೌಟು ಮತ್ತೆ ತುಂಬಿಕೊಳ್ಳುವವರೆಗೂ ತಟ್ಟೆ ಹಿಡಿದುಕೊಂಡು ಕಾದೆ.